ಸಾರಿನಲ್ಲಿ ಬೆರೆಸಿದ ಮಾತ್ರೆ

ಮನೆಯಲ್ಲೊಬ್ಬರಿಗೆ ಇದ್ದಕ್ಕಿದ್ದಂತೆ ಬುದ್ಧಿ ಹದ ತಪ್ಪಿದಾಗ ನಮ್ಮ ಬಳಿ ಬರುವ ಕುಟುಂಬದವರು, ರೋಗಿ ಹೊರಗೆ ಹೋಗುವುದನ್ನೇ ಕಾದು, ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: ‘ಡಾಕ್ಟರೇ, ಮಾತ್ರೆ ಪುಡಿ ಮಾಡಿ ಸಾರಿನಲ್ಲಿ ಹಾಕಿ ಕೊಡಬಹುದೇ?’ ಹಾಗೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಮಾತ್ರೆ ಕಂಡೊಡನೆ ತಟ್ಟೆ ಎಸೆಯುವ ಮಗ, ರಾತ್ರಿಗಳೆಲ್ಲ ನಿದ್ದೆಗೆಟ್ಟ ತಾಯಿ; ಅವರಾದರೂ ಏನು ಮಾಡಿಯಾರು? ಆದರೂ ನನ್ನ ಉತ್ತರ ‘ಬೇಡ’ ಎಂದೇ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಕಾರಣ ಬಿಡಿಸಿ ಹೇಳಲು ಬಿಡುವಿರುವುದಿಲ್ಲ.

ಹೀಗೆ ಇದ್ದಕ್ಕಿದ್ದಂತೆ ಬುದ್ಧಿ ಹದ ತಪ್ಪುವ ತೀವ್ರ ಸೈಕೋಸಿಸ್‌ನಲ್ಲಿ ನೆಟ್ಟಗಿದ್ದ ಮನುಷ್ಯ ಎರಡು ವಾರದೊಳಗೇ ಬೇರೊಬ್ಬನಾಗಿಬಿಡುತ್ತಾನೆ. ಸಾಮಾನ್ಯವಾಗಿ ಮೊದಲು ಕೆಡುವುದು ನಿದ್ರೆ. ಹಿಂದೆಯೇ ಸಂಶಯ, ಭಯ, ಯಾರೂ ಇಲ್ಲದಾಗ ಕೇಳಿಸುವ ಮಾತುಗಳು. ಮಾಟ ಮಾಡಿಸಿದ್ದಾರೆ ಎನ್ನುವವರು ಈಗಲೂ ಇದ್ದಾರೆ. ಅವರ ಪಕ್ಕದಲ್ಲೇ ಪಿಜಿಯ ಸಿಸಿಟಿವಿ ತನ್ನ ಕಡೆಗೇ ತಿರುಗಿದೆ, ಮೊಬೈಲ್ ಹ್ಯಾಕ್ ಆಗಿದೆ, ಮುಂದೆ ಹೋದ ಆಟೋದ ನಂಬರಿನಲ್ಲಿ ತನಗೊಂದು ಸೂಚನೆಯಿದೆ ಎನ್ನುವವರು ಕುಳಿತಿರುತ್ತಾರೆ. ಕಥೆ ಬೇರೆಯಾದರೂ ಇಬ್ಬರ ಬಾಯಲ್ಲೂ ಬರುವ ಮಾತೊಂದಿದೆ: ‘ಊಟದಲ್ಲಿ ಏನೋ ಹಾಕುತ್ತಿದ್ದಾರೆ.’ ಅಂಥವರ ಊಟದಲ್ಲಿ ನಾವೇ ಏನನ್ನಾದರೂ ಹಾಕಿದರೆ, ಅಲ್ಲಿಯವರೆಗೆ ಸುಳ್ಳಾಗಿದ್ದ ಸಂಶಯವನ್ನು ನಿಜ ಮಾಡಿಕೊಟ್ಟಂತಾಯಿತು.

ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ವಿಜಯನಗರದ ಕಡೆಯ ಯುವಕನೊಬ್ಬನಿಗೆ ಅವನ ತಾಯಿ ಸೈಕೋಸಿಸ್‌ಗೆ ಕೊಡುವ ಹ್ಯಾಲೊಪೆರಿಡಾಲ್ ಮಾತ್ರೆಯನ್ನು ತಿಳಿಸಾರಿಗೆ ಬೆರೆಸಿ ಕೊಡುತ್ತಿದ್ದರು. ಮೂರನೆಯ ದಿನ ಅವನ ಕುತ್ತಿಗೆ ಒಂದು ಬದಿಗೆ ಸೆಟೆದುಕೊಂಡಿತು, ನಾಲಿಗೆ ಹೊರಳದಾಯಿತು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡವು. ಇಂಥ ಔಷಧಿಗಳಿಂದ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಹರೆಯದ ಗಂಡಸರಲ್ಲಿ, ಹೀಗಾಗುವುದುಂಟು. ನೋಡಲು ಎದೆ ನಡುಗಿಸುವಂತಿದ್ದರೂ ಪ್ರೊಮೆಥಜೀನ್‌ನಂಥ ಒಂದು ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆದರೆ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರು ‘ಏನಾದರೂ ಮಾತ್ರೆ ತೆಗೆದುಕೊಂಡಿದ್ದೀಯಾ?’ ಎಂದು ಕೇಳಿದಾಗ ಹುಡುಗ ‘ಇಲ್ಲ’ ಎಂದ. ಅವನ ಮಟ್ಟಿಗೆ ಅದು ನಿಜವೇ. ಪಕ್ಕದಲ್ಲಿದ್ದ ತಾಯಿ ಅವನೆದುರು ಬಾಯಿ ಬಿಡಲಾಗದೆ ನಿಂತರು. ಧನುರ್ವಾಯುವೇ, ಫಿಟ್ಸೇ ಎಂಬ ಗೊಂದಲದಲ್ಲಿ ಹೊತ್ತು ಹೋಯಿತು. ಕೊನೆಗೆ ಆಕೆ ನರ್ಸಮ್ಮನನ್ನು ಹೊರಗೆ ಕರೆದು ಹೇಳಿದ ಮೇಲೆ ಇಂಜೆಕ್ಷನ್ ಬಂತು, ಕುತ್ತಿಗೆ ಸರಿಯಾಯಿತು. ಆ ಬಳಿಕ ಆತ ಮನೆಯ ಅಡುಗೆಯನ್ನು ಮುಟ್ಟಲಿಲ್ಲ. ಸೀಲ್ ಒಡೆಯದ ಬಿಸ್ಕತ್ತು, ತಾನೇ ಸುಲಿದ ಬಾಳೆಹಣ್ಣು, ಅಷ್ಟೇ. ಅಮ್ಮನ ಕೈಯ ಲೋಟ ಹಿಡಿಯಲು ಅವನಿಗೆ ಕಾಯಿಲೆ ವಾಸಿಯಾದ ಮೇಲೂ ತಿಂಗಳುಗಳು ಬೇಕಾದವು.

ಹಾಗಾದರೆ ಏನು ಮಾಡಬೇಕು? ವಾದ ಮಾಡಬೇಡಿ, ಹೂಂಗುಟ್ಟಲೂ ಬೇಡಿ. ‘ಕ್ಯಾಮೆರಾ ಗೀಮೆರಾ ಏನೂ ಇಲ್ಲ, ಸುಮ್ಮನೆ ಮಲಗು’ ಎಂದು ಗದರಿದರೆ ನೀವೂ ಎದುರಾಳಿಗಳ ಗುಂಪಿಗೆ ಸೇರಿದಿರಿ. ‘ಹೌದಪ್ಪ, ಪಕ್ಕದ ಮನೆಯವರನ್ನು ವಿಚಾರಿಸಿಕೊಳ್ಳೋಣ’ ಎಂದರೆ ಭಯಕ್ಕೆ ಸಾಕ್ಷಿ ಹೇಳಿದಂತೆ. ‘ನಿನಗೆ ಕೇಳಿಸುತ್ತಿದೆ ಎಂದು ಗೊತ್ತು ಕಂದಾ, ನನಗೆ ಕೇಳಿಸುತ್ತಿಲ್ಲ. ನಿದ್ದೆಯಿಲ್ಲದೆ ಎಷ್ಟು ಸೋತಿದ್ದೀಯ ನೋಡು’ ಎನ್ನಬಹುದು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಟಿವಿ ಆರಿಸಿ, ಮನೆ ತುಂಬ ನೆಂಟರನ್ನು ಸೇರಿಸಬೇಡಿ, ಒಬ್ಬರೇ ಮಾತನಾಡಿ. ಈಳಿಗೆಮಣೆ, ಚಾಕು, ಫಿನಾಯಿಲ್ ಕಣ್ಣಿಗೆ ಬೀಳದಂತೆ ಎತ್ತಿಡಿ. ದೇವಸ್ಥಾನಕ್ಕೆ ಹೋಗಿ, ತಾಯಿತ ಕಟ್ಟಿಸಿ, ನನ್ನ ತಕರಾರಿಲ್ಲ. ಆದರೆ ಅದು ಆಸ್ಪತ್ರೆಗೆ ಹೋಗುವ ದಿನವನ್ನು ಮುಂದೂಡಬಾರದು, ಹೊಡೆಯುವವರ, ಉಪವಾಸ ಕೆಡವುವವರ ಕೈಗಂತೂ ರೋಗಿಯನ್ನು ಕೊಡಬಾರದು.

ಆಸ್ಪತ್ರೆಗೆ ಕರೆತರುವಾಗಲೂ ಇದೇ ಮಾತು. ‘ಅಜ್ಜಿಗೆ ಹುಷಾರಿಲ್ಲ, ನೋಡಿಕೊಂಡು ಬರೋಣ’ ಎಂದು ಕಾರು ಹತ್ತಿಸಿ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇಳಿಸಿದರೆ, ಎದುರು ಕುಳಿತ ವೈದ್ಯನೂ ಆ ಸಂಚಿನ ಪಾಲುದಾರನಾಗುತ್ತಾನೆ. ತನಗೆ ಕಾಯಿಲೆಯಿದೆ ಎಂದು ಒಪ್ಪದವರು ನಿದ್ದೆ ಬರುತ್ತಿಲ್ಲ ಎಂಬುದನ್ನು ಎಷ್ಟೋ ಸಲ ಒಪ್ಪುತ್ತಾರೆ. ಅದೇ ಬಾಗಿಲು. ‘ನಿದ್ದೆಗೆ ಡಾಕ್ಟರನ್ನು ಕಾಣೋಣ, ಮನೋವೈದ್ಯರು’ ಎಂದು ಹೇಳಿಯೇ ಕರೆತನ್ನಿ. ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲಿರುಳೂ ತೆರೆದಿರುತ್ತದೆ. ಏನು ಮಾಡಲೂ ತೋಚದಿದ್ದರೆ 14416ಕ್ಕೆ ಕರೆ ಮಾಡಿ; 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಎಷ್ಟು ಹೇಳಿದರೂ ಬಗ್ಗದೆ, ತನಗೋ ಇತರರಿಗೋ ಅಪಾಯ ತಂದುಕೊಳ್ಳುವ ಸ್ಥಿತಿಯಿದ್ದರೆ? ಆಗಲೂ ಕದ್ದು ಕೊಡುವುದಕ್ಕಿಂತ ಎದುರಿಗೇ ಹೇಳಿ ದಾಖಲಿಸುವುದು ಮೇಲು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಇಂಥ ತುರ್ತಿನಲ್ಲಿ ನೋಂದಾಯಿತ ವೈದ್ಯರು, ನಾಮನಿರ್ದೇಶಿತ ಪ್ರತಿನಿಧಿ (ರೋಗಿಯ ಪರವಾಗಿ ನಿರ್ಧರಿಸುವವರು) ಲಭ್ಯವಿದ್ದರೆ ಅವರ ಒಪ್ಪಿಗೆ ಪಡೆದು, 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ಸರಪಳಿ ಹಾಕುವುದನ್ನು ಅದೇ ಕಾಯ್ದೆ ಯಾವ ಸಂದರ್ಭದಲ್ಲೂ ಒಪ್ಪುವುದಿಲ್ಲ.

ಎಲ್ಲ ತಲೆಕೆಡುವಿಕೆಯೂ ಮನೋರೋಗವಲ್ಲ ಎಂಬುದನ್ನೂ ಹೇಳಬೇಕು. ಜ್ವರ, ಫಿಟ್ಸ್, ಇಂದು ಯಾವ ವಾರ ಎಂದೇ ತಿಳಿಯದ ಮಂಪರು ಇದ್ದರೆ ಮೊದಲು ಸಾಮಾನ್ಯ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿ. ಮೆದುಳಿನ ಸೋಂಕು ಹೀಗೇ ಬರಬಹುದು. ದಿನವೂ ಕುಡಿಯುತ್ತಿದ್ದವರು ಬಿಟ್ಟ ಎರಡು-ಮೂರು ದಿನಕ್ಕೆ ಕೈ ನಡುಗಿಸುತ್ತಾ ಗೋಡೆಯ ಮೇಲೆ ಹುಳು ಹರಿಯುತ್ತಿದೆ ಎಂದರೆ ಅದು ಜೀವಕ್ಕೆ ಕುತ್ತು. ವಯಸ್ಸಾದವರಲ್ಲಿ ಸೋಡಿಯಂ ಇಳಿದಿರಬಹುದು. ಹೆರಿಗೆಯಾದ ಮೊದಲ ವಾರಗಳಲ್ಲಿ ಬಾಣಂತಿ ನಿದ್ದೆಯಿಲ್ಲದೆ ಏನೇನೋ ಮಾತನಾಡತೊಡಗಿದರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಅವಳೊಬ್ಬಳ ಬಳಿ ಬಿಡಬೇಡಿ. ಗಾಂಜಾ ವಿಷಯವನ್ನು ನಾನು ಹುಡುಗರನ್ನು ಒಂಟಿಯಾಗಿ ಕೂರಿಸಿಕೊಂಡೇ ಕೇಳುತ್ತೇನೆ. ಅಪ್ಪನ ಮುಂದೆ ಯಾರು ತಾನೇ ಹೇಳುತ್ತಾರೆ?

ಇದು ಸ್ಕಿಜೋಫ್ರೇನಿಯಾ ಎಂಬ ದೀರ್ಘಕಾಲದ ಮನೋರೋಗ ಆಗುತ್ತದೆಯೇ ಎಂದು ಮೊದಲ ವಾರವೇ ಕೇಳುತ್ತಾರೆ. ಆಗ ಹೇಳಲು ಬರುವುದಿಲ್ಲ. ಕೆಲವರು ಒಂದರಿಂದ ಮೂರು ತಿಂಗಳೊಳಗೆ ಪೂರ್ತಿ ಚೇತರಿಸಿಕೊಂಡು ಕೆಲಸಕ್ಕೆ ಮರಳುತ್ತಾರೆ. ಕೆಲವರಿಗೆ ಅದು ದೀರ್ಘ ಕಾಯಿಲೆಯ ಮೊದಲ ಹೆಜ್ಜೆಯಾಗಿರುತ್ತದೆ. ಎರಡರಲ್ಲೂ ಚೆನ್ನಾಗಿದ್ದೇನೆ ಅನ್ನಿಸಿದ ಕೂಡಲೇ ಮಾತ್ರೆ ನಿಲ್ಲಿಸುವುದು ಅಪಾಯ. ತೂಕ, ಸಕ್ಕರೆಯ ಮೇಲೆ ಕಣ್ಣಿರಲಿ; ಮೈ ಭಾರ, ತೂಕಡಿಕೆ ಎಂದರೆ ವೈದ್ಯರು ಮಾತ್ರೆ ಬದಲಿಸಬಲ್ಲರು.

ಈಗಾಗಲೇ ಕದ್ದು ಕೊಡುತ್ತಿರುವವರು ನಾಳೆಯೇ ಏಕಾಏಕಿ ನಿಲ್ಲಿಸಬೇಡಿ, ಮೊದಲು ನಿಮ್ಮ ವೈದ್ಯರಿಗೆ ಹೇಳಿ. ರೋಗಿ ಒಂದಿಷ್ಟು ತಿಳಿಯಾದ ಮೇಲೆ ವೈದ್ಯರ ಕೊಠಡಿಯಲ್ಲೇ ಕುಳಿತು ವಿಷಯ ತಿಳಿಸುವುದು ಲೇಸು. ಸಿಟ್ಟು ಬರುತ್ತದೆ, ಬರಲಿ. ಪೂರ್ತಿ ಚೇತರಿಸಿಕೊಂಡ ಮೇಲೆ, ಮತ್ತೊಮ್ಮೆ ಹೀಗಾದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂದು ಅವರೇ ಮುಂಗಡ ನಿರ್ದೇಶನ ಬರೆದಿಡಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ತುರ್ತು ಚಿಕಿತ್ಸೆಯ ಹೊತ್ತಿಗೆ ಅದು ಅನ್ವಯಿಸದು. ಆದರೂ ಯಾವ ಮಾತ್ರೆಗೆ ಕುತ್ತಿಗೆ ಸೆಟೆದಿತ್ತು ಎಂಬ ಒಂದು ಸಾಲನ್ನು ಅದರಲ್ಲಿ ಬರೆಸಿ, ಪ್ರತಿಯನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರಿ. ರಾತ್ರಿ ಪಾಳಿಯ ವೈದ್ಯರು ಮೊದಲು ಕೇಳುವುದು ಅದನ್ನೇ.