ಪ್ಲೇಸ್ಟೇಷನ್ ಆಟದ ಸಾಮಾನಲ್ಲ

"ಮಗನಿಗೆ ಹನ್ನೊಂದು ವರ್ಷ. ಪ್ಲೇಸ್ಟೇಷನ್ ಕೊಡಿಸಿದ್ರೆ ತೊಂದ್ರೆ ಇಲ್ಲ ಅಲ್ವಾ? ಕಂಪ್ಯೂಟರ್ ಗೇಮ್ ಅಂದ್ರೆ ನನಗೆ ಭಯ. ಅವೆಲ್ಲ ದೊಡ್ಡವರದ್ದು."

ನಾನು ಗೇಮ್ ಡಿಸೈನರ್ ಅಂತ ಗೊತ್ತಾದ ಕೂಡಲೇ ಬೆಂಗಳೂರಿನ ಅಪ್ಪ-ಅಮ್ಮಂದಿರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ಕೇಳಿದ್ದಾರೆ. ಪ್ಲೇಸ್ಟೇಷನ್‌ನಂಥ, ಟಿ.ವಿ.ಗೆ ಸಿಕ್ಕಿಸುವ ಕನ್ಸೋಲ್ ಅಂದರೆ ಆಟದ ಸಾಮಾನು, ಕಂಪ್ಯೂಟರ್ ಅಂದರೆ ಓದು-ಕೆಲಸದ ಯಂತ್ರ ಎನ್ನುವ ಎಣಿಕೆ ಅವರದು. ಹಾಗಾದರೆ ಅವುಗಳಲ್ಲಿ ಬರುವ ಆಟಗಳೂ ಹಾಗೇ ಇರಬೇಕಲ್ಲ? ಇಲ್ಲ. ಇವತ್ತಿನ ಮಟ್ಟಿಗೆ ಲೆಕ್ಕ ಬಹುಪಾಲು ತಿರುವುಮುರುವಾಗಿದೆ. ದೊಡ್ಡವರಿಗೆಂದೇ ಕೋಟಿಗಟ್ಟಲೆ ಸುರಿದು ಮಾಡಿದ ಎಷ್ಟೋ ಆಟಗಳು ಮೊದಲು ಬರುವುದೇ ಕನ್ಸೋಲಿಗೆ. ಮಕ್ಕಳು ಮುಗಿಬಿದ್ದು ಆಡುವ ಮೈನ್‌ಕ್ರಾಫ್ಟ್, ರೋಬ್ಲಾಕ್ಸ್ ಎರಡೂ ಹುಟ್ಟಿದ್ದು ಕಂಪ್ಯೂಟರಿನಲ್ಲಿ.

ಆದರೂ ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು, ಅದಕ್ಕೆ ಮೊದಲ ಕಾರಣ ದುಡ್ಡು. 1977ರಲ್ಲಿ ಬಂದ ಅಟಾರಿ 2600 ಕನ್ಸೋಲಿಗೆ ಅಮೆರಿಕದಲ್ಲಿ ಹೆಚ್ಚುಕಡಿಮೆ 200 ಡಾಲರ್. 1981ರ ಐ.ಬಿ.ಎಂ. ಪಿ.ಸಿ.ಗೆ, ಅಂದರೆ ಪರ್ಸನಲ್ ಕಂಪ್ಯೂಟರಿಗೆ, ಕಡಿಮೆ ಅಂದರೂ 1,565 ಡಾಲರ್. ಮೊದಲನೆಯದನ್ನು ಮಕ್ಕಳಿಗೆ ಹಬ್ಬದ ಉಡುಗೊರೆಯಾಗಿ ತರಬಹುದಿತ್ತು. ಎರಡನೆಯದನ್ನು ಕೊಳ್ಳುತ್ತಿದ್ದದ್ದು ಆಫೀಸು, ಇಲ್ಲವೇ ಒಳ್ಳೆಯ ಸಂಬಳದವರು. ಹಾಗಾಗಿ ಪಿ.ಸಿ.ಗೆ ಆಟ ಬರೆಯುವವರ ಮುಂದಿದ್ದ ಗಿರಾಕಿಗಳೇ ದೊಡ್ಡವರು. 1982ರಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ ಬಂತು. 1987ರಲ್ಲಿ ಲೆಷರ್ ಸೂಟ್ ಲ್ಯಾರಿ ಅನ್ನುವ ಪೋಲಿ ಆಟ ಬಂತು. ಆಡುವವರು ದೊಡ್ಡವರು ಹೌದೋ ಅಲ್ಲವೋ ಅಂತ ತಿಳಿಯಲು ಅದು ಶುರುವಿನಲ್ಲೇ ಅಮೆರಿಕದ ರಾಜಕೀಯ, ಹಳೆಯ ಸುದ್ದಿಗಳ ಬಗ್ಗೆ ಪ್ರಶ್ನೆ ಕೇಳುತ್ತಿತ್ತು! ಇವತ್ತು ಹುಟ್ಟಿದ ತಾರೀಖು ಕೇಳಿ ಒಳಗೆ ಬಿಡುವ ಪದ್ಧತಿಗಿಂತ ಅದೇ ಎಷ್ಟೋ ವಾಸಿ.

ಎರಡನೆಯ ಕಾರಣ ಜಪಾನಿನ ಗೇಮ್ ಕಂಪನಿ ನಿಂಟೆಂಡೊ. 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆ ಕುಸಿದು ಬಿತ್ತು. ಕಳಪೆ ಆಟಗಳ ರಾಶಿ ಅಂಗಡಿಗಳಲ್ಲಿ ಹಾಗೇ ಉಳಿಯಿತು. ವಿಡಿಯೋ ಗೇಮ್ ಅಂದರೆ ಅಂಗಡಿಯವರು ಮುಖ ತಿರುಗಿಸುವ ಕಾಲ. 1985ರಲ್ಲಿ ನಿಂಟೆಂಡೊ ತನ್ನ ಯಂತ್ರವನ್ನು ಅಲ್ಲಿಗೆ ತಂದಾಗ ಜೊತೆಗೆ ರಾಬ್ ಎಂಬ ಪುಟ್ಟ ರೋಬಾಟ್ ಇಟ್ಟಿತು. ನೋಡಿ, ಇದು ಆಟಿಕೆ, ಆಟಿಕೆ ಅಂಗಡಿಯಲ್ಲೇ ಮಾರಿ ಅನ್ನುವ ಉಪಾಯ. ಉಪಾಯ ಫಲಿಸಿತು. ಆಮೇಲೆ ಕಂಪನಿ ಆ ಹೆಸರನ್ನು ಕಾಪಾಡಿಕೊಳ್ಳಲು ಕಟ್ಟುನಿಟ್ಟಿನ ನಿಯಮ ಹಾಕಿತು. ರಕ್ತ ಬೇಡ, ಬೆತ್ತಲೆ ಬೇಡ, ಧರ್ಮದ ಗುರುತು ಬೇಡ. ಅಂದರೆ ಕನ್ಸೋಲ್ ಮಕ್ಕಳದ್ದಾಗಿದ್ದು ಯಂತ್ರದ ಗುಣದಿಂದಲ್ಲ, ಮಾರಾಟದವರ ತೀರ್ಮಾನದಿಂದ.

ನಮ್ಮ ಊರಿಗೆ ಬಂದಿದ್ದು ಈ ಯಂತ್ರದ ನಕಲುಗಳು. ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆ ಬಂತೆಂದರೆ ಕ್ಯಾಸೆಟ್ ಸಿಕ್ಕಿಸಿ ಮಾರಿಯೊ, ಕಾಂಟ್ರಾ ಆಡಿದ ಪೀಳಿಗೆಯೇ ಈಗ ಅಪ್ಪ-ಅಮ್ಮ. ಆಗ ಕಂಪ್ಯೂಟರ್ ಇರುತ್ತಿದ್ದದ್ದು ಅಪ್ಪನ ಆಫೀಸಿನಲ್ಲಿ. ಆಮೇಲೆ ಸೈಬರ್ ಕೆಫೆಯಲ್ಲಿ. ಜಯನಗರ, ಮಲ್ಲೇಶ್ವರದ ಕೆಫೆಗಳಲ್ಲಿ ಕಾಲೇಜು ಹುಡುಗರು ಗಂಟೆಗಿಷ್ಟು ಅಂತ ಕೊಟ್ಟು ಕೌಂಟರ್-ಸ್ಟ್ರೈಕ್ ಅನ್ನುವ ಶೂಟಿಂಗ್ ಆಟ ಆಡುತ್ತಿದ್ದರು. ಟಿ.ವಿ. ಮುಂದೆ ಚಿಕ್ಕವರು, ಕಂಪ್ಯೂಟರ್ ಮುಂದೆ ದೊಡ್ಡವರು. ಆ ಚಿತ್ರ ಇವರ ತಲೆಯಲ್ಲಿ ಹಾಗೇ ಉಳಿದಿದೆ.

ಅದು ಮುರಿದಿದ್ದು ಯಾವಾಗ? 1993ರಲ್ಲಿ ಮಾರ್ಟಲ್ ಕಾಂಬ್ಯಾಟ್ ಎಂಬ ಹೊಡೆದಾಟದ ಆಟ ಎರಡು ಕನ್ಸೋಲಿಗೆ ಒಟ್ಟಿಗೆ ಬಂತು. ನಿಂಟೆಂಡೊ ಆವೃತ್ತಿಯಲ್ಲಿ ರಕ್ತದ ಬದಲು ಬೂದು ಬಣ್ಣದ ಬೆವರು ಹಾರುತ್ತಿತ್ತು. ಎದುರಾಳಿ ಕಂಪನಿ ಸೆಗಾದ ಆವೃತ್ತಿಯಲ್ಲಿ ಒಂದು ಗುಟ್ಟಿನ ಕೋಡ್ ಒತ್ತಿದರೆ ರಕ್ತವೇ ಬರುತ್ತಿತ್ತು. ಸೆಗಾದ್ದು ಜಾಸ್ತಿ ಮಾರಾಟವಾಯಿತು. ಮರುವರ್ಷ ಅದರ ಎರಡನೆಯ ಭಾಗಕ್ಕೆ ನಿಂಟೆಂಡೊ ಕೂಡ ರಕ್ತ ಬಿಟ್ಟಿತು. ಈ ನಡುವೆ ಅಮೆರಿಕದ ಸೆನೆಟ್ಟಿನಲ್ಲಿ ವಿಚಾರಣೆ ನಡೆದು, 1994ರಲ್ಲಿ ಇ.ಎಸ್.ಆರ್.ಬಿ. ಎಂಬ ವಯಸ್ಸಿನ ಗುರುತು ಕೊಡುವ ಸಂಸ್ಥೆ ಹುಟ್ಟಿತು. ಅದೇ ಡಿಸೆಂಬರಿನಲ್ಲಿ ಸೋನಿ ಜಪಾನಿನಲ್ಲಿ ಪ್ಲೇಸ್ಟೇಷನ್ ಬಿಟ್ಟಿತು. ನಿಂಟೆಂಡೊ ಆಡಿ ಬೆಳೆದು ಆ ಹೊತ್ತಿಗೆ ಇಪ್ಪತ್ತು ದಾಟಿದವರನ್ನೇ ಹಿಡಿಯುವುದು ಅದರ ಲೆಕ್ಕ. ಅಲ್ಲಿಂದಾಚೆಗೆ ಕನ್ಸೋಲ್ ಹಿಂದಿರುಗಿ ನೋಡಲಿಲ್ಲ.

ಈಗ ನನ್ನ ಕೆಲಸದ ಒಳಗಿನ ವಿಷಯ. ಕನ್ಸೋಲ್ ಆಟಗಳು 'ಚಿಕ್ಕವರದ್ದು' ಅಂತ ಕಾಣಲು ಇನ್ನೊಂದು ಕಾರಣವಿದೆ, ಅದಕ್ಕೂ ವಯಸ್ಸಿಗೂ ಸಂಬಂಧವೇ ಇಲ್ಲ. ಆಟದ ಪರದೆ ಮಾಡಲು ಕೂತಾಗ ನಾವು ಮೊದಲು ಕೇಳುವುದು ಆಡುವವರ ವಯಸ್ಸನ್ನಲ್ಲ, ಅವರು ಎಲ್ಲಿ ಕೂತಿದ್ದಾರೆ ಅನ್ನುವುದನ್ನು. ಪಿ.ಸಿ. ಆದರೆ ಪರದೆಯಿಂದ ಎರಡಡಿ. ಸೋಫಾ ಆದರೆ ಎಂಟು-ಹತ್ತು ಅಡಿ. ಅಷ್ಟು ದೂರದಿಂದ ಓದಬೇಕೆಂದರೆ ಅಕ್ಷರ ದಪ್ಪ ಇರಬೇಕು, ಸಾಲು ಕಡಿಮೆ ಇರಬೇಕು, ಚಿಹ್ನೆ ದೊಡ್ಡದಾಗಿರಬೇಕು. ಪಿ.ಸಿ.ಯಲ್ಲಿ ಪರದೆಯ ಮೂಲೆ ಮೂಲೆಗೂ ಅಂಕಿ ತುಂಬಬಹುದು. ಟಿ.ವಿ.ಯಲ್ಲಿ ಹಾಗೆ ಮಾಡಿದರೆ ಯಾರೂ ಓದುವುದಿಲ್ಲ. ಹಿಂದೆ ನಿಂತು ನೋಡುವ ಅಮ್ಮನಿಗೆ ದಪ್ಪ ಅಕ್ಷರ, ಬಣ್ಣದ ಗುಂಡಿ ಕಾಣುತ್ತದೆ. 'ಓ, ಮಕ್ಕಳಾಟ' ಅಂದುಕೊಳ್ಳುತ್ತಾರೆ.

ಕೈಯಲ್ಲಿರುವ ಸಾಧನವೂ ಹಾಗೇ. ಕೀಬೋರ್ಡಿನಲ್ಲಿ ನೂರರಷ್ಟು ಕೀಲಿಗಳಿವೆ. ಕನ್ಸೋಲಿನ ಜೊತೆ ಬರುವ ಕಂಟ್ರೋಲರಿನಲ್ಲಿ ಬೆರಳು ಸಲೀಸಾಗಿ ಮುಟ್ಟುವುದು ಹದಿನೈದು-ಹದಿನಾರು. ಮೌಸಿನಲ್ಲಿ ಎಲ್ಲಿಗೆ ಬೇಕೋ ಅಲ್ಲಿಗೆ ಥಟ್ಟನೆ ಬೊಟ್ಟು ಮಾಡಬಹುದು. ಹೆಬ್ಬೆರಳಿನಲ್ಲಿ ದೂಡುವ ಕಡ್ಡಿಗೆ ಆ ಚುರುಕಿಲ್ಲ. ಅದಕ್ಕೆ ಕನ್ಸೋಲಿನ ಶೂಟಿಂಗ್ ಆಟಗಳಲ್ಲಿ ಗುರಿಯನ್ನು ಆಟವೇ ಸ್ವಲ್ಪ ಎಳೆದು ಕೊಡುತ್ತದೆ. ಪಿ.ಸಿ. ಆಟಗಾರರು ಇದನ್ನು ಆಡಿಕೊಂಡು ನಗುತ್ತಾರೆ. ನಗಲಿ. ಕಡ್ಡಿ ಹಿಡಿದು ನೂರು ಗಜ ದೂರದ ಗುರಿಗೆ ಹೊಡೆಯುವುದು ಎಷ್ಟು ಕಷ್ಟ ಅಂತ ಆಡಿದವರಿಗೆ ಗೊತ್ತು.

ಡಯಾಬ್ಲೊ 3 ಅನ್ನುವ ಆಟ ನೋಡಿ. 2012ರಲ್ಲಿ ಪಿ.ಸಿ.ಗೆ ಬಂದಾಗ ಮೌಸಿನಲ್ಲಿ ಕ್ಲಿಕ್ ಮಾಡಿದ ಕಡೆಗೆ ಪಾತ್ರ ನಡೆಯುತ್ತಿತ್ತು. 2013ರಲ್ಲಿ ಕನ್ಸೋಲಿಗೆ ತಂದಾಗ ಅದನ್ನು ಬಿಟ್ಟು, ಎಡಗಡ್ಡಿಯಲ್ಲಿ ನೇರ ಓಡಿಸುವ ಹಾಗೆ ಮಾಡಿದರು. ಬಲಗಡ್ಡಿಗೆ ಉರುಳಿ ತಪ್ಪಿಸಿಕೊಳ್ಳುವ ಹೊಸ ಪಟ್ಟು ಕೊಟ್ಟರು. ಆಟ ಬೇರೆಯಾಯಿತು, ವಯಸ್ಸಿನ ಗುರುತು ಬದಲಾಗಲಿಲ್ಲ. ಎರಡೂ ಕಡೆ 17 ತುಂಬಿದವರಿಗೇ. ಇದಕ್ಕೆ ಎದುರು ಸಾಕ್ಷಿಯೂ ಇದೆ, ಮುಚ್ಚಿಡಬಾರದು. 2008ರ ಸಿವಿಲೈಜೇಷನ್ ರೆವಲ್ಯೂಷನ್ ಕನ್ಸೋಲಿಗೆಂದೇ ಮಾಡಿದ್ದು. ಪಿ.ಸಿ.ಯಲ್ಲಿ ದಿನಗಟ್ಟಲೆ ಎಳೆಯುವ, ಸಾಮ್ರಾಜ್ಯ ಕಟ್ಟುವ ಸಿವಿಲೈಜೇಷನ್ ಆಟವನ್ನು ಅದರಲ್ಲಿ ಒಂದು ಸಂಜೆಗೆ ಇಳಿಸಿದರು. ಸರಳ ಮಾಡಿದ್ದು ನಿಜ. ಆದರೆ ಯಾರಿಗಾಗಿ? ಆಫೀಸಿನಿಂದ ಬಂದು ಸೋಫಾಕ್ಕೆ ಒರಗಿದವರಿಗಾಗಿಯೂ ಹೌದಲ್ಲ. ಬೆಳ್ಳಂದೂರು ಟ್ರಾಫಿಕ್ಕಿನಿಂದ ಪಾರಾಗಿ ಬಂದವರಿಗೆ ನೂರು ಕೀಲಿಯ ಆಟ ಬೇಕಾಗುವುದಿಲ್ಲ.

ಪ್ಲೇಟೆಸ್ಟ್ ಅಂತ ನಾವು ಹೊರಗಿನವರನ್ನು ಕೂರಿಸಿ ಆಡಿಸಿ ನೋಡುತ್ತೇವೆ. ಅಲ್ಲಿ ಕಾಣುವುದು ಜನ ಅಂದುಕೊಂಡಿದ್ದಕ್ಕೆ ಉಲ್ಟಾ. ಎಂದೂ ಆಡದವರ ಕೈಗೆ ಎರಡು ಕಡ್ಡಿಯ ಕಂಟ್ರೋಲರ್ ಕೊಟ್ಟರೆ ಪಾತ್ರ ಗೋಡೆಗೆ ಮುಖ ಮಾಡಿ ನಡೆಯುತ್ತಲೇ ಇರುತ್ತದೆ, ಕ್ಯಾಮೆರಾ ಚಾವಣಿ ನೋಡುತ್ತಿರುತ್ತದೆ. ಎಡಗೈಯಲ್ಲಿ ನಡೆಯಬೇಕು, ಬಲಗೈಯಲ್ಲಿ ನೋಡಬೇಕು, ತೋರುಬೆರಳಲ್ಲಿ ಹೊಡೆಯಬೇಕು. ಆರು ವರ್ಷದ ಮಗುವಿಗೆ ಇದು ಸುಲಭವಲ್ಲ. ಅದೇ ಮಗು ಮೌಸ್ ಹಿಡಿದು ಚಿತ್ರದ ಮೇಲೆ ಕ್ಲಿಕ್ ಮಾಡುವುದನ್ನು ಬೇಗ ಕಲಿಯುತ್ತದೆ. 1992ರ ಪಟ್-ಪಟ್ ಥರದ ಪುಟಾಣಿಗಳ ಆಟಗಳು ಪಿ.ಸಿ.ಯಲ್ಲಿ ಚೆನ್ನಾಗಿ ನಡೆದದ್ದು ಅದಕ್ಕೇ.

ಹಾಗಾದರೆ ಕನ್ಸೋಲಿಗೂ ಪಿ.ಸಿ.ಗೂ ವಯಸ್ಸಿನ ವಿಷಯದಲ್ಲಿ ವ್ಯತ್ಯಾಸವೇ ಇಲ್ಲವೇ? ಇದೆ. ಅದು ಆಟದಲ್ಲಿಲ್ಲ, ಬಾಗಿಲಲ್ಲಿದೆ. ಕನ್ಸೋಲ್ ಅಂದರೆ ಸೆಕ್ಯೂರಿಟಿಯವರು ಹೆಸರು ಬರೆಸಿಕೊಂಡು ಬಿಡುವ ಅಪಾರ್ಟ್‌ಮೆಂಟ್, ಪಿ.ಸಿ. ಅಂದರೆ ಊರಿನ ರಸ್ತೆ. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಒಪ್ಪದೆ ಅವರ ಯಂತ್ರಕ್ಕೆ ಒಂದು ಆಟವೂ ಬರುವಂತಿಲ್ಲ. ಇ.ಎಸ್.ಆರ್.ಬಿ. 'ವಯಸ್ಕರಿಗೆ ಮಾತ್ರ' ಅಂತ ಮುದ್ರೆ ಒತ್ತಿದ ಆಟವನ್ನು ಮೂವರೂ ಸೇರಿಸುವುದಿಲ್ಲ. 2007ರ ಮ್ಯಾನ್‌ಹಂಟ್ 2ಕ್ಕೆ ಆ ಮುದ್ರೆ ಬಿದ್ದಾಗ ಕತ್ತರಿ ಹಾಕಿ, 17ರ ಗುರುತು ಪಡೆದು ಕನ್ಸೋಲಿಗೆ ತಂದರು. 2009ರಲ್ಲಿ ಪಿ.ಸಿ.ಗೆ ಬಂದದ್ದು ಕತ್ತರಿ ಹಾಕದ ಆವೃತ್ತಿ. ಪಿ.ಸಿ. ಆಟಗಳ ದೊಡ್ಡ ಅಂಗಡಿ ಸ್ಟೀಮ್ 2018ರಲ್ಲಿ, ಕಾನೂನಿಗೆ ವಿರುದ್ಧವಾದದ್ದು ಮತ್ತು ಬರೀ ಕೀಟಲೆಗೆ ಮಾಡಿದ್ದು ಬಿಟ್ಟು ಉಳಿದದ್ದೆಲ್ಲಕ್ಕೂ ಜಾಗ ಕೊಡುವುದಾಗಿ ಹೇಳಿತು. ಹಾಗಾಗಿ ತೀರಾ ಅತಿರೇಕದ್ದು ಸಿಗುವುದು ಪಿ.ಸಿ.ಯಲ್ಲೇ. ಅಷ್ಟರ ಮಟ್ಟಿಗೆ ಆ ಅಪ್ಪ-ಅಮ್ಮಂದಿರ ಭಯ ಸರಿ.

ಆದರೆ ಬಾಗಿಲ ಒಳಗೆ ಬರುವುದೆಲ್ಲ ಮಕ್ಕಳದ್ದಲ್ಲ. ಜಿ.ಟಿ.ಎ. 5 ಎಂಬ ದೊಡ್ಡವರ ಅಪರಾಧದ ಆಟ 2013ರ ಸೆಪ್ಟೆಂಬರಿನಲ್ಲಿ ಬಂದದ್ದು ಕನ್ಸೋಲಿಗೆ. ಪಿ.ಸಿ.ಯವರು 2015ರ ಏಪ್ರಿಲ್ ತನಕ ಕಾದರು. ರೆಡ್ ಡೆಡ್ ರಿಡೆಂಪ್ಷನ್ 2 ಕೂಡ ಕನ್ಸೋಲಿಗೆ 2018ರಲ್ಲಿ, ಪಿ.ಸಿ.ಗೆ ಮರುವರ್ಷ. ಇವನ್ನು ಮಾಡಿದ ರಾಕ್‌ಸ್ಟಾರ್ ಕಂಪನಿಯ ಒಂದು ಸ್ಟುಡಿಯೊ ನಮ್ಮ ಬೆಂಗಳೂರಲ್ಲೇ ಇದೆ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರ್ಯಾಕ್ಟಿವ್ ಕೂಡ 2019ರಲ್ಲಿ ಅದರ ತೆಕ್ಕೆಗೆ ಹೋಯಿತು. ಇಲ್ಲಿನ ಸ್ಟುಡಿಯೊಗಳಲ್ಲಿ ದೊಡ್ಡವರ ಆಟಕ್ಕೆ ಕೆಲಸ ಮಾಡುವ ಎಷ್ಟೋ ಜನ ಮನೆಯಲ್ಲಿ ಮಕ್ಕಳಿಗೆ ಅದನ್ನು ಮುಟ್ಟಲು ಬಿಡುವುದಿಲ್ಲ.

ದುಡ್ಡಿನ ಕಡೆಯಿಂದ ನೋಡಿದರೂ ಉತ್ತರ ಅದೇ. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಬಂತು. ದೊಡ್ಡ ಆಟವೊಂದಕ್ಕೆ ಐದು ಸಾವಿರದ ಹತ್ತಿರ. ಪಾಕೆಟ್ ಮನಿಯಲ್ಲಿ ಆಗುವ ಮಾತಲ್ಲ ಇದು. ಇಲ್ಲಿ ಅದನ್ನು ಇ.ಎಂ.ಐ. ಮೇಲೆ ತರುವವರು, ನಾನು ಕಂಡ ಹಾಗೆ, ಬಹುತೇಕ ಮೂವತ್ತರ ಆಸುಪಾಸಿನ ನೌಕರಸ್ಥರು. ಹಿಂದೆ ಹೀಗಿರಲಿಲ್ಲ. ಹಳೆಯ ಪ್ಲೇಸ್ಟೇಷನ್ 2 ಅಗ್ಗವಾದ ಕಾಲದಲ್ಲಿ, 2009ರಲ್ಲಿ, ಹನುಮಾನ್: ಬಾಯ್ ವಾರಿಯರ್ ಅಂತ ನಮ್ಮ ಮಕ್ಕಳಿಗೆಂದೇ ಆಟ ಮಾಡಿದ್ದರು. ಈಗ ಅಂಥ ಮಗು ಆಡುವುದು ಅಮ್ಮನ ಮೊಬೈಲಿನಲ್ಲಿ, ಇಲ್ಲವೇ ಮನೆಯ ಲ್ಯಾಪ್‌ಟಾಪಿನಲ್ಲಿ ಪುಕ್ಕಟೆ ಸಿಗುವ ರೋಬ್ಲಾಕ್ಸ್. 2006ರಲ್ಲಿ ಪಿ.ಸಿ.ಯಲ್ಲಿ ಶುರುವಾದ ರೋಬ್ಲಾಕ್ಸ್ ಪ್ಲೇಸ್ಟೇಷನ್ನಿಗೆ ಬಂದದ್ದು 2023ರಲ್ಲಿ!

ಹಾಗಾಗಿ 'ಕನ್ಸೋಲ್ ಕೊಡಿಸಲಾ' ಅಂದವರಿಗೆ ನಾನು ಹೇಳುವುದು: ಕೊಡಿಸಿ, ಆದರೆ ಡಬ್ಬದ ಮೇಲಿನ ಗುರುತು ನೋಡಿ. ಇಲ್ಲಿ ಮಾರುವ ಡಿಸ್ಕುಗಳ ಮೇಲೆ ಸಾಮಾನ್ಯವಾಗಿ ಯುರೋಪಿನ ಪೆಗಿ ಅಂಕಿ ಇರುತ್ತದೆ: 3, 7, 12, 16, 18. ಇಲ್ಲದಿದ್ದರೆ ಅಮೆರಿಕದ ಅಕ್ಷರ. 'ಎಂ' ಇದ್ದರೆ 17 ತುಂಬಿದವರಿಗೆ. ಅದು ಆಟದ ಕಷ್ಟದ ಮಟ್ಟವಲ್ಲ. "ನನ್ನ ಮಗ ತುಂಬಾ ಚುರುಕು, 18 ಅಂತ ಇದ್ರೂ ಆಡ್ತಾನೆ" ಅಂತ ಹೆಮ್ಮೆಯಿಂದ ಹೇಳಿದವರಿದ್ದಾರೆ.

ಪಿ.ಸಿ. ಆದರೆ ಕೆಲಸ ಜಾಸ್ತಿ. ವಿಂಡೋಸಿನಲ್ಲಿ ಮಗುವಿಗೆ ಬೇರೆ ಅಕೌಂಟ್ ಮಾಡಬೇಕು, ಸ್ಟೀಮ್ ಇದ್ದರೆ ಅದರ ಫ್ಯಾಮಿಲಿ ವ್ಯವಸ್ಥೆಯಲ್ಲಿ ಯಾವ ಆಟ, ಎಷ್ಟು ಹೊತ್ತು ಅಂತ ಬೇರೆಯೇ ಹೊಂದಿಸಬೇಕು, ಬ್ರೌಸರ್ ಮತ್ತೊಂದು ಕಥೆ. ಕನ್ಸೋಲಿನಲ್ಲಿ ಬಹುಪಾಲು ಒಂದೇ ಕಡೆ ಮುಗಿಯುತ್ತದೆ. ವಯಸ್ಸಿನ ಮಿತಿ, ಆಡುವ ಹೊತ್ತು, ಖರ್ಚು, ಅಪರಿಚಿತರ ಜೊತೆ ಮಾತು, ನಾಲ್ಕಕ್ಕೂ ಬೀಗ ಹಾಕಬಹುದು. ಆದರೆ ಬೀಗ ಕೆಲಸ ಮಾಡುವುದು ಮಗುವಿನ ನಿಜವಾದ ಹುಟ್ಟಿದ ತಾರೀಖು ಕೊಟ್ಟು ಮಕ್ಕಳ ಅಕೌಂಟ್ ತೆರೆದರೆ ಮಾತ್ರ. ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಪರಿಚಯದವರಿಂದಲೋ ಸೆಕೆಂಡ್ ಹ್ಯಾಂಡ್ ತಂದರೆ ಹಳೆಯ ಮಾಲೀಕರ ಅಕೌಂಟ್ ಅದರಲ್ಲೇ ಉಳಿದಿರಬಹುದು. ಆ ಅಕೌಂಟಿನ ಲೆಕ್ಕದಲ್ಲಿ ನಿಮ್ಮ ಮಗನಿಗೆ ಮೂವತ್ತೈದು ವರ್ಷ. ಮೊದಲು ಫ್ಯಾಕ್ಟರಿ ರಿಸೆಟ್ ಮಾಡಿಸಿ, ಆಮೇಲೆ ಮನೆಗೆ ತನ್ನಿ.