ಬೈಬಲ್ಲಿನ ಬಲಗೈ, ವರ್ಸೇಲ್ಸಿನ ಬಲಪಂಥ

ಎಲೆಕ್ಷನ್ ಹತ್ತಿರ ಬಂತೆಂದರೆ ಕಾರವಾರದ ಚಹಾ ಅಂಗಡಿಗಳಲ್ಲಿ ಎಡ-ಬಲದ ಮಾತು ಜಾಸ್ತಿಯಾಗುತ್ತದೆ. ಹೋದ ಸಲ ಮೀನುಗಾರರ ಬಂದರು ಬೈತಖೋಲದ ಕಡೆ ಒಂದು ಅಂಗಡಿಯಲ್ಲಿ ಕೂತಿದ್ದಾಗ ಒಬ್ಬ ಹುಡುಗ ಬೈಬಲ್ಲನ್ನೇ ಸಾಕ್ಷಿಗೆ ಕರೆದ. ಜಾಣನ ಮನಸ್ಸು ಬಲಕ್ಕೆ, ದಡ್ಡನ ಮನಸ್ಸು ಎಡಕ್ಕೆ ಅಂತ ಪ್ರಸಂಗಿ ಗ್ರಂಥದ ಹತ್ತನೇ ಅಧ್ಯಾಯದಲ್ಲೇ ಇದೆಯಲ್ಲ ಮಾಸ್ತರೇ, ಇನ್ನೇನು ಬೇಕು ಎಂದ. ಮಾಸ್ತರು ನಿವೃತ್ತರು, ಭಾನುವಾರದ ಪೂಜೆ ತಪ್ಪಿಸದವರು. "ಅದನ್ನು ಬರೆದಾಗ ಎಡಪಂಥವೂ ಇರಲಿಲ್ಲ, ಬಲಪಂಥವೂ ಇರಲಿಲ್ಲ ತಮಾ" ಎಂದು ಬನ್ಸ್ ಮುರಿದರು.

ಮಾಸ್ತರು ಹೇಳಿದ್ದು ಸರಿ. ಆ ಸಾಲಿಗೂ ಬಲಪಂಥ ಎಂಬ ಮಾತಿಗೂ ನಡುವೆ ಎರಡು ಸಾವಿರ ವರ್ಷಕ್ಕೂ ಮೀರಿದ ಅಂತರವಿದೆ. ಹಳೆಯ ಹೀಬ್ರೂ ಜನರಿಗೆ ಬಲಗೈ ಅಂದರೆ ಶಕ್ತಿ, ಮರ್ಯಾದೆ, ಆಶೀರ್ವಾದ. ನಮಗೇನು ಬೇರೆಯೇ? ಬಲ ಅಂದರೆ ನಮ್ಮಲ್ಲೂ ಶಕ್ತಿಯೇ. ಮದುಮಗಳು ಬಲಗಾಲಿಟ್ಟು ಒಳಗೆ ಬರಬೇಕು, ಎಡಗೈಯಲ್ಲಿ ದುಡ್ಡು ಕೊಟ್ಟರೆ ಬೈಗುಳ.

ಸುಮ್ನೆ ಒಂದು ಸಲ ಕಾರವಾರದ ಬೀಚಿನಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತು ನೋಡಿ. ಬಲಗೈ ಕಡೆ ಅಂಕೋಲಾ, ಎಡಗೈ ಕಡೆ ಕಾಳಿ ನದಿ, ಅದರಾಚೆ ಗೋವಾ. ಹೀಬ್ರೂ ಜನ ದಿಕ್ಕು ಗುರುತಿಸುತ್ತಿದ್ದದ್ದೂ ಹೀಗೇ, ಪೂರ್ವಕ್ಕೆ ಮುಖ ಮಾಡಿ. ಅವರ 'ಯಾಮೀನ್' ಎಂಬ ಪದಕ್ಕೆ ಬಲವೂ ಅರ್ಥ, ದಕ್ಷಿಣವೂ ಅರ್ಥ. ಸಂಸ್ಕೃತದ 'ದಕ್ಷಿಣ'ಕ್ಕೂ ಇವೇ ಎರಡು ಅರ್ಥ. ಸಮುದ್ರದ ಕಡೆ ತಿರುಗಿದಿರೋ, ಗೋವಾ ಬಲಕ್ಕೆ ಬಂತು!

ಪಂಥಗಳ ಎಡ-ಬಲ ಹುಟ್ಟಿದ್ದು ಫ್ರಾನ್ಸಿನಲ್ಲಿ. 1789ರ ಮೇ 5ರಂದು ವರ್ಸೇಲ್ಸಿನಲ್ಲಿ ಮಹಾಸಭೆ ಸೇರಿತು. ರಾಜನ ಬಲಕ್ಕೆ ಪಾದ್ರಿಗಳು, ಎಡಕ್ಕೆ ಶ್ರೀಮಂತ ಮನೆತನದವರು, ಎದುರಿಗೆ ದೂರದಲ್ಲಿ ಉಳಿದ ಜನ. ಅಂದರೆ ಅವತ್ತು ಜಮೀನುದಾರ ಕುಲೀನರೇ 'ಎಡ'ದವರು. ಸಭೆ ಮಾಡಿದ ಕಾನೂನನ್ನು ತಡೆಯುವ ಹಕ್ಕು ರಾಜನಿಗೆ ಇರಬೇಕೋ ಬೇಡವೋ ಎಂಬ ಜಗಳ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಜೋರಾಯಿತು. ಇರಲಿ ಎಂದವರು ಅಧ್ಯಕ್ಷರ ಕುರ್ಚಿಯ ಬಲಕ್ಕೆ ಸೇರಿಕೊಂಡರು, ಬೇಡ ಎಂದವರು ಎಡಕ್ಕೆ. ಪಾದ್ರಿಗಳು ಎರಡೂ ಕಡೆ ಹಂಚಿಹೋದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ಪಾದ್ರಿ ಗ್ರೆಗ್ವಾರ್ ಎಡಗಡೆಯವರೇ.

ಹಾಗಾದರೆ ಬೈಬಲ್ಲು ಯಾವ ಕಡೆ? ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ಕೊನೆಯ ತೀರ್ಪಿನ ದಿನ, ರಾಜ ಕುರಿಗಳನ್ನು ಬಲಕ್ಕೆ, ಆಡುಗಳನ್ನು ಎಡಕ್ಕೆ ನಿಲ್ಲಿಸುತ್ತಾನೆ. ಎಡದವರಿಗೆ ಶಿಕ್ಷೆ. ಇಷ್ಟು ಕೇಳಿದರೆ ಅಂಗಡಿಯ ಹುಡುಗನಿಗೆ ಖುಷಿಯೇ. ಆದರೆ ಬಲಕ್ಕೆ ಹೋಗಲು ಏನು ಮಾಡಿರಬೇಕು? ಹಸಿದವರಿಗೆ ಊಟ, ಪರದೇಶಿಗೆ ಆಸರೆ, ಬಟ್ಟೆ ಇಲ್ಲದವರಿಗೆ ಬಟ್ಟೆ, ಜೈಲಿನಲ್ಲಿದ್ದವರ ಭೇಟಿ. ಇವತ್ತು ಇದೇ ಪಟ್ಟಿ ಹಿಡಿದು ಭಾಷಣ ಮಾಡಿದರೆ ಎಡಪಂಥೀಯ ಎನ್ನುತ್ತಾರೆ, ಅಲ್ವಾ? ಇನ್ನೊಂದು ತಮಾಷೆ: ಆ ಬಲ ರಾಜನ ಬಲ. ಎದುರು ನಿಂತು ನೋಡುವವರಿಗೆ ಕುರಿಗಳು ಕಾಣುವುದು ಎಡಗಡೆ.

ಆದರೆ ನಿಜವಾದ ತಕರಾರು ಇರುವುದು ಜಮೀನಿನಲ್ಲಿ. ಯಾಜಕಕಾಂಡದ 25ನೇ ಅಧ್ಯಾಯದ ಪ್ರಕಾರ 50 ವರ್ಷಕ್ಕೊಮ್ಮೆ ಬರುವ ಜ್ಯೂಬಿಲಿ ವರ್ಷದಲ್ಲಿ, ಬಡತನಕ್ಕೆ ಮಾರಿದ ಹೊಲ ಮೂಲ ಮನೆತನಕ್ಕೆ ವಾಪಸ್ ಹೋಗಬೇಕು. ಕಾರಣವೂ ಅಲ್ಲೇ ಇದೆ: ಭೂಮಿ ದೇವರದು, ನೀವು ಅವನ ಹತ್ತಿರ ಬಂದಿರುವ ಪರವೂರಿನವರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಒಡೆಯ ಅವನೊಬ್ಬನೇ, ಉಳಿದವರೆಲ್ಲ ಗೇಣಿ ಒಕ್ಕಲು. ಹಳ್ಳಿಯ ಮನೆಯೂ ವಾಪಸ್ ಬರುತ್ತದೆ. ಕೋಟೆಯೊಳಗಿನ ಪೇಟೆಯ ಮನೆ ಮಾತ್ರ, ಒಂದು ವರ್ಷದಲ್ಲಿ ಬಿಡಿಸಿಕೊಳ್ಳದಿದ್ದರೆ, ಹೋಯಿತು.

ಇದು ಸಮಾಜವಾದವೇ? ನನಗೆ ಹಾಗೆ ಅನ್ನಿಸುವುದಿಲ್ಲ. ಇಲ್ಲಿ ಹೊಲ ಸರ್ಕಾರಕ್ಕೆ ಹೋಗುವುದಿಲ್ಲ, ಕುಟುಂಬಕ್ಕೇ ಮರಳುತ್ತದೆ. ನಾಬೋತನ ದ್ರಾಕ್ಷಿ ತೋಟವನ್ನು ರಾಜ ಅಹಾಬ ಲಪಟಾಯಿಸಿದಾಗ ಪ್ರವಾದಿ ಎಲೀಯ ಸಿಟ್ಟಾದದ್ದೂ ಅಪ್ಪ-ಅಜ್ಜಂದಿರ ಆಸ್ತಿಗಾಗಿ. ಬಲದವರು ಇದನ್ನು ಹಿಡಿದುಕೊಳ್ಳುತ್ತಾರೆ. ಎಡದವರು ಯೇಸುವಿನ ಶಿಷ್ಯರಾದ ಅಪೊಸ್ತಲರ ಕಾಲದ ಭಕ್ತರು ಹೊಲ ಮಾರಿ ಎಲ್ಲರಿಗೂ ಹಂಚಿದ್ದನ್ನು ತೋರಿಸುತ್ತಾರೆ. ದುಡಿಯದವನು ಉಣ್ಣಬಾರದು ಎಂಬ ಪೌಲನ ಮಾತಂತೂ 1936ರ ಸೋವಿಯತ್ ಸಂವಿಧಾನದ 12ನೇ ವಿಧಿಗೇ ಬಂದು ಕೂತಿತು. ದೇವರಿಲ್ಲ ಎನ್ನುವವರ ಸಂವಿಧಾನ ಅದು!

ಉತ್ತರ ಕನ್ನಡದಲ್ಲಿ ಈ ಗೇಣಿ ಪ್ರಶ್ನೆ ಪುಸ್ತಕದ ಪ್ರಶ್ನೆ ಆಗಿರಲಿಲ್ಲ. ದಿನಕರ ದೇಸಾಯಿಯವರು ಗೇಣಿ ರೈತರನ್ನು ಕಟ್ಟಿಕೊಂಡು ಹೋರಾಡಿದಾಗ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. 1974ರಲ್ಲಿ ದೇವರಾಜ ಅರಸು ಸರ್ಕಾರದ ತಿದ್ದುಪಡಿ ಬಂದು ಡಿಕ್ಲರೇಶನ್ ಹಾಕಿದ ಮೇಲೆ ಎಷ್ಟೋ ಒಕ್ಕಲುಗಳಿಗೆ ಗದ್ದೆ ಸ್ವಂತವಾಯಿತು. ಮಾಸ್ತರ ಅಪ್ಪನೂ ಹಾಗೆ ಎರಡು ತುಂಡು ಗದ್ದೆ ಪಡೆದವರು. "ನಮ್ಮ ಮನೆಗೆ ಜ್ಯೂಬಿಲಿ ಬಂದದ್ದು ಆ ವರ್ಷ" ಎಂದರು ಮಾಸ್ತರು.

ಕ್ಯಾಥೊಲಿಕ್ ಚರ್ಚಿನ ಅಧಿಕೃತ ನಿಲುವು ಎಡ-ಬಲ ಎರಡನ್ನೂ ಒಪ್ಪಲಿಲ್ಲ. 1891ರಲ್ಲಿ ಬರೆದ ಪತ್ರದಲ್ಲಿ ಪೋಪ್ 13ನೇ ಲಿಯೋ ಸಮಾಜವಾದವನ್ನು ತಳ್ಳಿಹಾಕಿದರು, ಖಾಸಗಿ ಆಸ್ತಿ ಸರಿ ಎಂದರು. ಅದೇ ಪತ್ರದಲ್ಲಿ ಕೂಲಿಕಾರರಿಗೆ ನ್ಯಾಯದ ಸಂಬಳ, ಸಂಘ ಕಟ್ಟುವ ಹಕ್ಕು ಬೇಕೆಂದೂ ಬರೆದರು. ಆಮೇಲೆ ಯಾರಿಗೆ ಯಾವ ಅರ್ಧ ಬೇಕೋ ಅವರು ಅದನ್ನು ಓದಿಕೊಂಡರು. 1959ರಲ್ಲಿ ಕೇರಳದ ಕಮ್ಯುನಿಸ್ಟ್ ಸರ್ಕಾರ ಇಳಿಸುವ ಚಳವಳಿಯಲ್ಲಿ ಚರ್ಚು ಮುಂದಿತ್ತು. 1970ರ ದಶಕದ ಲ್ಯಾಟಿನ್ ಅಮೆರಿಕದಲ್ಲಿ ಅದೇ ಚರ್ಚಿನ ಕೆಲವು ಪಾದ್ರಿಗಳು ಬಡವರ ಪರ ನಿಂತು ಮಾರ್ಕ್ಸ್‌ನನ್ನು ಓದುತ್ತಿದ್ದರು.

ಅಷ್ಟು ದೂರ ಯಾಕೆ? ಮಾಜಾಳಿ ದಾಟಿದರೆ ಸಾಕು. 1961ರ ಡಿಸೆಂಬರ್‌ವರೆಗೆ ಆಚೆ ಕಡೆಯ ಗೋವಾವನ್ನು ಸಾಲಾಜಾರನ ಪೋರ್ಚುಗಲ್ ಆಳುತ್ತಿತ್ತು. ಪಕ್ಕಾ ಬಲಪಂಥದ ಸರ್ವಾಧಿಕಾರ, ಬಾಯಲ್ಲಿ ದೇವರು ಮತ್ತು ದೇಶ. ಆ ಸರ್ಕಾರ 1946ರಲ್ಲಿ ಜೈಲಿಗೆ ಹಾಕಿ ಪೋರ್ಚುಗಲ್ಲಿಗೆ ಸಾಗಿಸಿದ ಗೋವಾದ ಸ್ವಾತಂತ್ರ್ಯ ಹೋರಾಟಗಾರ ಟ್ರಿಸ್ಟಾವ್ ಬ್ರಗಾಂಝಾ ಕುನ್ಹಾ ಕ್ಯಾಥೊಲಿಕ್ ಮನೆಯ ಮಗ, ಎಡ ವಿಚಾರದವರು. ಮೇಲಿನ ಅಧಿಕಾರಿಗಳಿಗೆ ತಗ್ಗಿ ನಡೆಯಿರಿ ಎಂಬ ರೋಮಾಪುರದವರ ಪತ್ರದ 13ನೇ ಅಧ್ಯಾಯವೂ, ಮನುಷ್ಯರಿಗಿಂತ ದೇವರ ಮಾತು ಕೇಳಬೇಕು ಎಂಬ ಪೇತ್ರನ ಉತ್ತರವೂ ಇರುವುದು ಒಂದೇ ಪುಸ್ತಕದಲ್ಲಿ.

ಹುಡುಗ ಸೋಲೊಪ್ಪಲಿಲ್ಲ. ಎಡದ ಬಗ್ಗೆ ಬೈಬಲ್ಲಿನಲ್ಲಿ ಒಂದಾದರೂ ಒಳ್ಳೆ ಮಾತು ಇದೆಯಾ ಎಂದು ಕೇಳಿದ. ಮಾಸ್ತರು ಏಹೂದನ ಕಥೆ ಹೇಳಿದರು. ಬೆನ್ಯಾಮೀನ್ ಅಂದರೆ ಬಲಗೈಯ ಮಗ. ಆ ಕುಲದಲ್ಲಿ ಹುಟ್ಟಿದ ಏಹೂದ ಎಡಚ. ಕತ್ತಿಯನ್ನು ಬಲ ತೊಡೆಗೆ ಕಟ್ಟಿಕೊಂಡು ಹೋಗಿ, ತನ್ನ ಜನರನ್ನು ಹಿಂಡುತ್ತಿದ್ದ ರಾಜನನ್ನು ಮುಗಿಸಿದ.

ಕೊನೆಗೆ ಮೀನಿನ ಹೊಟ್ಟೆ ಸೇರಿ ಬಂದ ಪ್ರವಾದಿ ಯೋನನ ಮಾತು ಬಂತು. ಸಮುದ್ರದ ಕಥೆಯಾದ್ದರಿಂದ ಬೈತಖೋಲದಲ್ಲಿ ಅದಕ್ಕೆ ಕಿವಿಗಳು ಜಾಸ್ತಿ. ನಾಶವಾಗುತ್ತದೆ ಎಂದು ತಾನೇ ಸಾರಿದ್ದ ನಿನೆವೆ ಪಟ್ಟಣ ಉಳಿಯಿತಲ್ಲ ಎಂದು ಯೋನ ಮುಖ ಊದಿಸಿಕೊಂಡಿದ್ದಾನೆ. ದೇವರು ಕೇಳುತ್ತಾನೆ: ಎಡಗೈ ಯಾವುದು, ಬಲಗೈ ಯಾವುದು ಎಂದೇ ತಿಳಿಯದ 1,20,000ಕ್ಕೂ ಹೆಚ್ಚು ಜನ ಅಲ್ಲಿದ್ದಾರೆ, ದನಕರುಗಳೂ ಬೇಕಾದಷ್ಟಿವೆ, ನನಗೆ ಕರುಣೆ ಬರಬಾರದೇ? ಪುಸ್ತಕ ಆ ಪ್ರಶ್ನೆಗೇ ಮುಗಿಯುತ್ತದೆ.

"ದನಗಳನ್ನೂ ಲೆಕ್ಕಕ್ಕೆ ಹಿಡಿದಿದ್ದಾನೆ ನೋಡು" ಎಂದು ಮಾಸ್ತರು ಚಹಾದ ದುಡ್ಡು ಕೊಟ್ಟರು. ಎಡಗೈಯಲ್ಲಿ. ಬಲಗೈಯಲ್ಲಿ ಬಂಗಡೆ ಚೀಲ ಇತ್ತು.