ಪದ ಪರಿಚಯ: ನಿಂಬೆ ಗಿಡದ ಎಲೆ ಸುರಂಗ ಹುಳು

ನಿಂಬೆ, ಕಿತ್ತಳೆ, ಮೋಸಂಬಿ ಮೊದಲಾದ ಗಿಡಗಳ ಎಳೆಯ ಎಲೆಯನ್ನು ಹೊಕ್ಕು, ಹೊರಪೊರೆಯ ಅಡಿಯಲ್ಲೇ ಮೇಯುತ್ತಾ ಸಾಗುವ ಪುಟ್ಟ ಪತಂಗದ ಮರಿಹುಳುವನ್ನು ಎಲೆ ಸುರಂಗ ಹುಳು ಎನ್ನುತ್ತಾರೆ. ರೈತರ ಬಾಯಲ್ಲಿ ಇದು ರಂಗೋಲಿ ಹುಳು. ಫಿಲ್ಲೋಕ್ನಿಸ್ಟಿಸ್ ಸಿಟ್ರೆಲ್ಲಾ ಎಂಬ ವೈಜ್ಞಾನಿಕ ಹೆಸರಿನ ಈ ಕೀಟವನ್ನು 1856ರಲ್ಲಿ ಕಲ್ಕತ್ತೆಯ ಮಾದರಿಗಳಿಂದ ಮೊದಲು ವಿವರಿಸಲಾಯಿತು. ಏಷ್ಯಾ ಮೂಲದ ಈ ಪತಂಗ 1993ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡಿತು.

ಗುರುತು ಹಿಡಿಯಲು ಚಿಗುರೆಲೆಯನ್ನು ತಿರುಗಿಸಿ ನೋಡಬೇಕು. ಬೆಳ್ಳಿಯಂತೆ ಹೊಳೆಯುವ ಅಂಕುಡೊಂಕು ಗೆರೆಯ ನಡುವೆ ತೆಳುವಾದ ಕಪ್ಪು ಎಳೆಯೊಂದು ಓಡಿರುತ್ತದೆ. ಅದು ಹುಳುವಿನ ಹಿಕ್ಕೆ. ಗೆರೆಯ ಅಗಲವಾದ ತುದಿಯಲ್ಲಿ ಹಳದಿ ಮಿಶ್ರಿತ ಹಸಿರು ಬಣ್ಣದ ಹುಳುವೇ ಸಿಗಬಹುದು. ಬೆಳೆದ ಹುಳು ಎಲೆಯ ಅಂಚನ್ನು ಮಡಚಿಕೊಂಡು ಅದರೊಳಗೆ ಕೋಶವಾಗುತ್ತದೆ. ಎಲೆ ಮುದುಡುವುದು ನುಸಿ, ಹೇನುಗಳಿಂದಲೂ ಆಗಬಹುದಾದ್ದರಿಂದ, ಮುದುಡನ್ನಷ್ಟೇ ಕಂಡು ತೀರ್ಮಾನಕ್ಕೆ ಬರದೆ ಈ ಗೆರೆಯನ್ನೇ ಹುಡುಕುವುದು ಸರಿ. ಪತಂಗವನ್ನು ಕಾಣುವುದು ಕಷ್ಟ: ಬಿಚ್ಚಿದ ರೆಕ್ಕೆಯ ಅಗಲವೇ ಸುಮಾರು 4 ಮಿಲಿಮೀಟರ್.

ನಿರ್ವಹಣೆಯ ಗುಟ್ಟೆಲ್ಲ ಚಿಗುರಿನಲ್ಲಿದೆ. ಪತಂಗ ಮೊಟ್ಟೆಯಿಡುವುದು ಎಳೆ ಎಲೆಯ ಮೇಲೆ ಮಾತ್ರ. ಬಲಿತ ಎಲೆ ಅದಕ್ಕೆ ಬೇಡ. ಆದ್ದರಿಂದ ಮತ್ತೆ ಮತ್ತೆ ಕೊಂಬೆ ಸವರಿ, ಸಾರಜನಕ ಗೊಬ್ಬರವನ್ನು ಹೆಚ್ಚಾಗಿ ಹಾಕಿ, ಇಡೀ ವರ್ಷ ಚಿಗುರೊಡೆಸುವವರು ತಿಳಿಯದೆಯೇ ಹುಳುವಿಗೆ ಮೇವು ಒದಗಿಸುತ್ತಾರೆ. ಬುಡದಲ್ಲಿ ಏಳುವ ನೀರುಚಿಗುರುಗಳನ್ನು ತೆಗೆಯಬೇಕು. ಗೆರೆ ಮೂಡಿದ ಎಲೆಗಳನ್ನೆಲ್ಲ ಕಿತ್ತೆಸೆಯುವ ಅಭ್ಯಾಸವನ್ನು ಮಾತ್ರ ನಾನು ಒಪ್ಪಲಾರೆ. ಅವುಗಳ ಹಸಿರು ಭಾಗ ಇನ್ನೂ ಗಿಡಕ್ಕೆ ಆಹಾರ ತಯಾರಿಸುತ್ತಿರುತ್ತದೆ, ಕಿತ್ತರೆ ಹೊಸ ಚಿಗುರೂ ಬರುತ್ತದೆ.

ಸುರಂಗದೊಳಗಿನ ಹುಳುವಿಗೆ ಎಲೆಯ ಪೊರೆಯೇ ರಕ್ಷೆಯಾಗಿರುವುದರಿಂದ, ಮೇಲ್ಮೈಯಲ್ಲಷ್ಟೇ ಕೆಲಸ ಮಾಡುವ ಕೀಟನಾಶಕ ಅದನ್ನು ತಲುಪುವುದಿಲ್ಲ, ಬದಲಿಗೆ ಅದನ್ನು ಕೊಲ್ಲುವ ಪರತಂತ್ರ ಕಣಜಗಳನ್ನು ನಾಶಮಾಡುತ್ತದೆ. ತೋಟಗಾರಿಕೆಯ ಖನಿಜ ತೈಲವನ್ನೋ ಬೇವು ಆಧಾರಿತ ಔಷಧಿಯನ್ನೋ ಚಿಗುರು ಒಡೆಯುವಾಗಲೇ ಸಿಂಪಡಿಸಿದರೆ ಮೊಟ್ಟೆಯಿಡುವುದು ತಗ್ಗುತ್ತದೆ. ದೊಡ್ಡ ಮರಗಳು ಈ ಹಾನಿಯನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ, ಅಲ್ಲಿ ಸಿಂಪಡಣೆಯ ಅಗತ್ಯ ಅಪರೂಪ. ಆದರೆ ಸಸಿಗಳಲ್ಲಿ, ಹಾಗೂ ಸುರಂಗದ ಗಾಯದ ಮೂಲಕ ಕಜ್ಜಿ ರೋಗದ ಬ್ಯಾಕ್ಟೀರಿಯಾ ಒಳನುಗ್ಗುವ ಭಯವಿರುವ ತೋಟಗಳಲ್ಲಿ, ಪ್ರತಿ ಚಿಗುರನ್ನೂ ಕಾಪಾಡಲೇಬೇಕು.